ಆನ್‌ಲೈನಿನಲ್ಲಿ ಸೀರೆ ಮಾರಿದ ದುಡ್ಡಿಗೆ ತೆರಿಗೆ ಕಟ್ಟುವುದು ಹೇಗೆ

ನಾನು ಮೊದಲ ವರ್ಷ ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. 2022-23ರಲ್ಲಿ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರಲು ಒಂದು ಆನ್‌ಲೈನ್ ತಾಣದಲ್ಲಿ ಅಂಗಡಿ ತೆರೆದಿದ್ದೆ. ವರ್ಷ ಮುಗಿದ ಮೇಲೆ ಪಾಸ್‌ಬುಕ್ ಹಿಡಿದು ಕೂತು, ತಾಣದಿಂದ ಜಮೆಯಾದ ಮೊತ್ತಗಳನ್ನೆಲ್ಲ ಕೂಡಿಸಿದೆ. 4.78 ಲಕ್ಷ ಆಯಿತು. ಅದನ್ನೇ ವರ್ಷದ ವಹಿವಾಟು ಎಂದು ಆದಾಯ ತೆರಿಗೆ ರಿಟರ್ನಿನಲ್ಲಿ ಬರೆದು ಕೈತೊಳೆದುಕೊಂಡೆ. ನವೆಂಬರ್ ಹೊತ್ತಿಗೆ ಇಲಾಖೆಯಿಂದ ಇ-ಮೇಲ್ ಬಂತು. ಅವರ ಹತ್ತಿರ ಇದ್ದ ಅಂಕಿ 6.10 ಲಕ್ಷ. ಮಿಕ್ಕ 1.32 ಲಕ್ಷ ಎಲ್ಲಿ ಹೋಯಿತು ಎಂಬುದು ಅವರ ಪ್ರಶ್ನೆ.

ಎಲ್ಲಿಗೂ ಹೋಗಿರಲಿಲ್ಲ. ನನ್ನ ಕೈಗೇ ಬಂದಿರಲಿಲ್ಲ, ಅಷ್ಟೆ. ತಾಣದವರು ಕಮಿಷನ್, ಕೊರಿಯರ್ ಖರ್ಚು, ತೆರಿಗೆ ಎಲ್ಲವನ್ನೂ ಹಿಡಿದುಕೊಂಡು ಉಳಿದದ್ದನ್ನು ಮಾತ್ರ ಕಳಿಸಿದ್ದರು. ಆದರೆ ಸರ್ಕಾರಕ್ಕೆ ವರದಿಯಾಗುವುದು ಗಿರಾಕಿಗೆ ಮಾರಿದ ಪೂರ್ತಿ ಬೆಲೆ.

ಆನ್‌ಲೈನ್ ವ್ಯಾಪಾರದಲ್ಲಿ ಮೂರು ಅಂಕಿಗಳಿರುತ್ತವೆ. ಮಾರಾಟ, ಜಮೆ, ಲಾಭ. ಈ ಮೂರರಲ್ಲಿ ಯಾವುದು ಯಾವ ಫಾರಂಗೆ ಹೋಗುತ್ತದೆ ಎಂದು ಗೊತ್ತಾದರೆ ತೆರಿಗೆಯ ಮುಕ್ಕಾಲು ಕೆಲಸ ಮುಗಿದ ಹಾಗೆ.

ಇದು ವ್ಯಾಪಾರ ಹೌದೋ ಅಲ್ಲವೋ

ಮನೆ ಬದಲಿಸುವಾಗ ಹಳೇ ಸೋಫಾ, ಮಗನ ಸೈಕಲ್ಲು ಆನ್‌ಲೈನಿನಲ್ಲಿ ಮಾರಿದಿರಾ? ಅದು ವ್ಯಾಪಾರವಲ್ಲ. ಮನೆ ಬಳಕೆಯ ಸಾಮಾನು ಮಾರಿ ಬಂದದ್ದಕ್ಕೆ ತೆರಿಗೆ ಇಲ್ಲ. ಚಿನ್ನ ಮತ್ತು ಒಡವೆಯ ಲೆಕ್ಕ ಬೇರೆ. ಆದರೆ ಮಾರುವುದಕ್ಕೆಂದೇ ತಂದು ಅಥವಾ ತಯಾರಿಸಿ, ಮತ್ತೆ ಮತ್ತೆ ಮಾರಿದರೆ ಅದು ವ್ಯಾಪಾರ. ಅಡುಗೆಮನೆಯಲ್ಲಿ ಕುಟ್ಟಿದ ಶೇಂಗಾ ಚಟ್ನಿಪುಡಿಯಾದರೂ ಅಷ್ಟೆ, ಗೋಡೌನು ತುಂಬ ಮಾಲು ಇಟ್ಟುಕೊಂಡರೂ ಅಷ್ಟೆ. ‘ನಂದು ಬರೀ ಹವ್ಯಾಸ’ ಎನ್ನುವ ಮಾತು ಇಲಾಖೆಯಲ್ಲಿ ನಡೆಯುವುದಿಲ್ಲ.

ವ್ಯಾಪಾರ ಎಂದಾದರೆ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅದಕ್ಕೊಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. 2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಜಮೆಗಳನ್ನು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು. ಒಂದೇ ಖಾತೆಗೆ ಅಂಗಡಿ ಹಣವೂ ಬಂದು, ತಮ್ಮ ಕೊಟ್ಟ ಸಾಲವೂ ಬಂದು, ಚೀಟಿ ದುಡ್ಡೂ ಬಂದರೆ ಯಾವುದು ಮಾರಾಟ, ಯಾವುದು ಅಲ್ಲ ಎಂದು ನೀವೇ ಬಿಡಿಸಿ ಹೇಳಬೇಕಾಗುತ್ತದೆ. ನಾಲ್ಕು ವರ್ಷ ಹಿಂದಿನ ಜಮೆಯನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ?

ಒಂದು ಸೀರೆಯ ಲೆಕ್ಕ

ವರ್ಷದ ಲೆಕ್ಕಕ್ಕೆ ಹೋಗುವ ಮೊದಲು ಒಂದೇ ಒಂದು ಸೀರೆಯನ್ನು ಹಿಡಿದು ನೋಡೋಣ. ಕೆಂಪು ತೋಪ ತೆನಿ ಸೆರಗಿನ, ಪವರ್‌ಲೂಮಿನ ಹತ್ತಿ ಸೀರೆ. ಜಿಎಸ್‌ಟಿ ನೋಂದಣಿ ನಿಮಗಿದೆ ಎಂದುಕೊಳ್ಳಿ. ನೇಯ್ದವರಿಗೆ ನೋಂದಣಿ ಇಲ್ಲ, 600 ರೂಪಾಯಿಗೆ ಕೊಟ್ಟಿದ್ದಾರೆ.

ಗಿರಾಕಿ ಕೊಟ್ಟದ್ದು 1,050 ರೂಪಾಯಿ. ಸೀರೆಗೆ ಜಿಎಸ್‌ಟಿ ಶೇ. 5. ಅಂದರೆ 1,000 ನಿಮ್ಮ ಬೆಲೆ, 50 ಸರ್ಕಾರದ್ದು.

ತಾಣದ ಕಮಿಷನ್ನು, ಸಾಗಣೆ ಎಲ್ಲ ಸೇರಿ 200 ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ, 36 ರೂಪಾಯಿ.

ಆಮೇಲೆ, ತಾಣದವರು ನಿಮ್ಮ ಹೆಸರಿನಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಎರಡು ಪುಟ್ಟ ಕಡಿತಗಳಿವೆ. ಮೊದಲನೆಯದು ಜಿಎಸ್‌ಟಿಯ ಟಿಸಿಎಸ್. ತೆರಿಗೆ ಬಿಟ್ಟು ಉಳಿದ ಬೆಲೆಯ ಮೇಲೆ ಶೇ. 0.5, ಅಂದರೆ 5 ರೂಪಾಯಿ. 2024ರ ಜುಲೈ 10ಕ್ಕೆ ಮೊದಲು ಇದು ಶೇ. 1 ಇತ್ತು. ಎರಡನೆಯದು ಆದಾಯ ತೆರಿಗೆಯ ಟಿಡಿಎಸ್. ಇದೂ ಮೊದಲು ಶೇ. 1 ಇತ್ತು, 2024ರ ಅಕ್ಟೋಬರ್ 1ರಿಂದ ಶೇ. 0.1ಕ್ಕೆ ಇಳಿದಿದೆ. ಅದು 1 ರೂಪಾಯಿ.

1,050ರಲ್ಲಿ 200, 36, 5, 1 ಕಳೆದರೆ ನಿಮ್ಮ ಬ್ಯಾಂಕಿಗೆ ಬರುವುದು 808.

ಈಗ ಜಿಎಸ್‌ಟಿ ಕಟ್ಟಬೇಕು. ಗಿರಾಕಿಯಿಂದ ವಸೂಲಾದದ್ದು 50. ತಾಣದ ಶುಲ್ಕದ ಮೇಲೆ ನೀವು ಆಗಲೇ ಕೊಟ್ಟ 36 ಅದಕ್ಕೆ ವಜಾ ಆಗುತ್ತದೆ. ಉಳಿದದ್ದು 14. ಟಿಸಿಎಸ್ ಹಿಡಿದ 5 ರೂಪಾಯಿ ಜಿಎಸ್‌ಟಿ ಪೋರ್ಟಲಿನ ನಿಮ್ಮ ನಗದು ಲೆಡ್ಜರಿನಲ್ಲಿ ಕೂತಿರುತ್ತದೆ. ಅದನ್ನೂ ಬಳಸಿದರೆ ಕೈಯಿಂದ ಕಟ್ಟಬೇಕಾದದ್ದು 9 ರೂಪಾಯಿ ಮಾತ್ರ.

808ರಲ್ಲಿ ಸೀರೆಯ 600, ಪ್ಯಾಕಿಂಗಿನ 20, ಜಿಎಸ್‌ಟಿಯ 9 ಕೊಟ್ಟರೆ 179 ಉಳಿಯಿತು. ಟಿಡಿಎಸ್ ಆಗಿ ಹೋದ 1 ರೂಪಾಯಿಯೂ ನಿಮ್ಮದೇ. ಲಾಭ 180.

ಮಾರಾಟ 1,000. ಜಮೆ 808. ಲಾಭ 180. ಮೂರೂ ಒಂದೇ ಸೀರೆಯ ಅಂಕಿಗಳು. ರಿಟರ್ನಿನಲ್ಲಿ ವಹಿವಾಟು ಎಂದು ಬರೆಯಬೇಕಾದದ್ದು 1,000. ತೆರಿಗೆ ಬೀಳುವುದು ಲಾಭದ ಮೇಲೆ. 808 ಯಾವ ಫಾರಂಗೂ ಹೋಗುವುದಿಲ್ಲ. ನಾನು ಬರೆದದ್ದು ಆ 808ನ್ನೇ.

ಗಿರಾಕಿ ವಾಪಸ್ ಕಳಿಸಿದ ಸೀರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಫೋಟೋದಲ್ಲಿ ಅಂಚು ದೊಡ್ಡದಿತ್ತು’ ಎಂದು ಹಿಂದಿರುಗಿ ಬಂದ ಮಾಲಿನ ಬೆಲೆಯನ್ನು ಮಾರಾಟದಿಂದ ಕಳೆಯಬೇಕು. ಆದರೆ ಹೋಗಿ ಬಂದ ಸಾಗಣೆಯ ಶುಲ್ಕವನ್ನು ತಾಣ ಹಿಡಿದುಕೊಂಡಿದ್ದರೆ ಅದು ನಿಮ್ಮ ಖರ್ಚು. ಹೊಸಬರ ಲಾಭವನ್ನು ತಿನ್ನುವುದು ತೆರಿಗೆಗಿಂತ ಜಾಸ್ತಿ ಈ ವಾಪಸಾತಿಯೇ. ಅದನ್ನು ಬರೆದಿಡದೆ ಇದ್ದರೆ ತಿಂದದ್ದೂ ಗೊತ್ತಾಗುವುದಿಲ್ಲ.

ಜಿಎಸ್‌ಟಿ ನೋಂದಣಿ ಯಾರಿಗೆ ಬೇಕು

‘40 ಲಕ್ಷದೊಳಗೆ ಇದ್ದರೆ ಜಿಎಸ್‌ಟಿ ಬೇಡ’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಮಿತಿ ಅಷ್ಟೇ ಇರುವುದು ನಿಜ. ಆದರೆ ಆನ್‌ಲೈನ್ ವ್ಯಾಪಾರಕ್ಕೆ ಅದನ್ನು ಹಾಗೇ ಹಚ್ಚಿಕೊಳ್ಳಲು ಬರುವುದಿಲ್ಲ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಥರದ ತಾಣದ ಮೂಲಕ ಹೊರರಾಜ್ಯಕ್ಕೆ ತೆರಿಗೆ ಇರುವ ಮಾಲು ಮಾರುವುದಾದರೆ ಮೊದಲ ಆರ್ಡರಿಗೇ ನೋಂದಣಿ ಬೇಕು. ಕರ್ನಾಟಕದೊಳಗೆ ಮಾತ್ರ ಮಾರುತ್ತೇನೆ, ವಹಿವಾಟೂ ಮಿತಿಯೊಳಗಿದೆ ಎಂದರೆ 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಬಂದಿದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ರಿಟರ್ನ್ ತಲೆನೋವಿಲ್ಲ, ಟಿಸಿಎಸ್ ಕಡಿತವೂ ಇಲ್ಲ. ಆದರೆ ತಾಣದ ಶುಲ್ಕದ ಮೇಲಿನ ಆ 36 ರೂಪಾಯಿ ವಜಾ ಸಿಗುವುದಿಲ್ಲ. ವ್ಯಾಪಾರ ಕುದುರುತ್ತದೋ ಇಲ್ಲವೋ ನೋಡೋಣ ಎನ್ನುವವರಿಗೆ ಇದು ಒಳ್ಳೆಯ ದಾರಿ.

ವಾಟ್ಸಾಪ್ ಗುಂಪಿನಲ್ಲೋ ಇನ್‌ಸ್ಟಾಗ್ರಾಮ್ ಪುಟದಲ್ಲೋ ಫೋಟೋ ಹಾಕಿ, ಯುಪಿಐನಲ್ಲಿ ದುಡ್ಡು ತೆಗೆದುಕೊಂಡು, ನೀವೇ ಕೊರಿಯರ್ ಮಾಡುತ್ತೀರಾ? ಆಗ ನಡುವೆ ತಾಣ ಇಲ್ಲ. ಟಿಡಿಎಸ್, ಟಿಸಿಎಸ್ ಇಲ್ಲ. ರಾಜ್ಯದೊಳಗೆ 40 ಲಕ್ಷದ ಮಿತಿ ನಿಮಗೂ ಉಂಟು. ಆದರೆ ಸೊಲ್ಲಾಪುರದ ಅತ್ತಿಗೆಯ ಗೆಳತಿಗೆ ಒಂದು ಸೀರೆ ಮಾರಿದರೂ ಅದು ಅಂತರರಾಜ್ಯ ವ್ಯಾಪಾರ. ಅದಕ್ಕೆ ನೋಂದಣಿ ಕಡ್ಡಾಯ. ಕರಕುಶಲ ವಸ್ತುಗಳಿಗೆ ಇಲ್ಲೊಂದು ವಿನಾಯಿತಿ ಪಟ್ಟಿ ಇದೆ. ನಿಮ್ಮ ವಸ್ತು ಅದರಲ್ಲಿದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿ ನೋಡಿ. ಹಪ್ಪಳದಂಥ, ಜಿಎಸ್‌ಟಿಯೇ ಇಲ್ಲದ ವಸ್ತುವನ್ನು ಮಾತ್ರ ಮಾರುವವರಿಗೆ ನೋಂದಣಿಯ ಗೊಡವೆ ಇಲ್ಲ.

ಇನ್ನೊಂದು ಮಾತು. ಮಾಲನ್ನು ತಾಣದವರ ಮುಂಬೈ ಗೋದಾಮಿನಲ್ಲಿ ಇಡಿ, ಬೇಗ ತಲುಪುತ್ತದೆ ಎಂದು ನಿಮಗೆ ಫೋನು ಬರಬಹುದು. ಹೂಂ ಅನ್ನುವ ಮೊದಲು ಮಹಾರಾಷ್ಟ್ರದಲ್ಲೂ ಜಿಎಸ್‌ಟಿ ನೋಂದಣಿ ಮಾಡಿಸಬೇಕೇ ಎಂದು ಕೇಳಿಕೊಳ್ಳಿ.

ನೋಂದಣಿ ಆದವರು 5 ಕೋಟಿ ವಹಿವಾಟಿನವರೆಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಆಯ್ಕೆ ಮಾಡಿಕೊಳ್ಳಬಹುದು. ತೆರಿಗೆಯನ್ನು ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಮಾರಾಟವೇ ಆಗದಿದ್ದರೂ ಶೂನ್ಯ ರಿಟರ್ನ್ ಹಾಕಲೇಬೇಕು. ತಪ್ಪಿದರೆ ದಿನಕ್ಕೆ 20 ರೂಪಾಯಿ ದಂಡ, ತೆರಿಗೆ ಇದ್ದರೆ 50. ಅಂಗಡಿ ಮುಚ್ಚಿ ನೋಂದಣಿ ರದ್ದು ಮಾಡಿಸದೆ ಸುಮ್ನೆ ಕೂತವರಿಗೆ ಈ ದಂಡ ಚೆನ್ನಾಗಿ ಗೊತ್ತು. ಟಿಸಿಎಸ್ ದುಡ್ಡು ಲೆಡ್ಜರಿಗೆ ಬರಬೇಕಾದರೆ ಪೋರ್ಟಲಿನಲ್ಲಿ ಅದನ್ನು ನೀವು ಒಪ್ಪಿಕೊಳ್ಳಬೇಕು. ಆ ಗುಂಡಿ ಒತ್ತದೆ ವರ್ಷಗಟ್ಟಲೆ ದುಡ್ಡು ಬಿಟ್ಟವರೂ ಇದ್ದಾರೆ.

ನಾಲ್ಕು ಕಾಗದ ಎದುರು ಬದುರು

ರಿಟರ್ನ್ ತುಂಬುವ ಮೊದಲು ಒಂದು ಭಾನುವಾರ ಇದಕ್ಕೆ ಮೀಸಲಿಡಿ. ಬೇಕಾದದ್ದು ನಾಲ್ಕು. ತಾಣದ ಸೆಲ್ಲರ್ ಪುಟದಿಂದ ಇಳಿಸಿಕೊಂಡ ವರ್ಷದ ಪೂರ್ತಿ ಸೆಟಲ್‌ಮೆಂಟ್ ವರದಿ (ಎಷ್ಟು ಮಾರಾಟ, ಎಷ್ಟು ಹಿಡಿದರು, ಎಷ್ಟು ಕಳಿಸಿದರು ಎಂಬ ಲೆಕ್ಕ), ಜಿಎಸ್‌ಟಿ ರಿಟರ್ನುಗಳು, ಆದಾಯ ತೆರಿಗೆ ಪೋರ್ಟಲಿನ 26ಎಎಸ್ (ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ), ಅಲ್ಲೇ ಸಿಗುವ ಎಐಎಸ್ (ನಿಮ್ಮ ವರ್ಷದ ಹಣಕಾಸಿನ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿ).

26ಎಎಸ್‌ನಲ್ಲಿ 194-ಒ ಎಂಬ ಕಲಂ ಎದುರು ತಾಣದ ಹೆಸರು, ಅವರು ವರದಿ ಮಾಡಿದ ಮಾರಾಟ, ಹಿಡಿದ ಟಿಡಿಎಸ್ ಕಾಣುತ್ತದೆ. ವರ್ಷಕ್ಕೆ 5 ಲಕ್ಷದೊಳಗೆ ಮಾರಿದ ವ್ಯಕ್ತಿ ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಟಿಡಿಎಸ್ ಹಿಡಿಯುವುದಿಲ್ಲ. ಹಾಗೆಂದು ತೆರಿಗೆ ಮಾಫಿ ಅಂತಲ್ಲ. ಕಡಿತ ಮಾತ್ರ ಇಲ್ಲ. ಎಐಎಸ್‌ನಲ್ಲಿ ನಿಮ್ಮ ಜಿಎಸ್‌ಟಿ ವಹಿವಾಟೂ ಬಂದು ಕೂತಿರುತ್ತದೆ. ಎರಡು ಇಲಾಖೆಗಳೂ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ.

ನಾಲ್ಕರ ಅಂಕಿ ಪೈಸೆಗೆ ಪೈಸೆ ಕೂಡುವುದಿಲ್ಲ. ಮಾರ್ಚ್ 30ಕ್ಕೆ ಮಾರಿದ ಸೀರೆ ಏಪ್ರಿಲಿನಲ್ಲಿ ವಾಪಸ್ ಬಂದಿರುತ್ತದೆ. ಕೂಡದಿರುವುದು ತಪ್ಪಲ್ಲ. ಯಾಕೆ ಕೂಡಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದಿರುವುದು ತಪ್ಪು. ಸೆಟಲ್‌ಮೆಂಟ್ ವರದಿಯನ್ನು ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ. ಅಂಗಡಿ ಮುಚ್ಚಿದ ಮೇಲೆ ಆ ಪುಟಕ್ಕೆ ಪ್ರವೇಶ ಸಿಗದೇ ಹೋಗಬಹುದು. ಈ ಕಾಗದಗಳನ್ನೆಲ್ಲ ಏಳೆಂಟು ವರ್ಷ ಜೋಪಾನ ಮಾಡಿ.

ನೇಕಾರರಿಗೆ ಕೊಟ್ಟ ಹಣಕ್ಕೂ ದಾಖಲೆ ಬೇಕು. ಅವರ ಬಳಿ ಬಿಲ್ಲು ಇಲ್ಲದಿದ್ದರೆ ನೀವೇ ಒಂದು ವೋಚರ್ ಬರೆದು ಸಹಿ ಹಾಕಿಸಿಕೊಂಡು, ದುಡ್ಡನ್ನು ಖಾತೆಗೆ ಹಾಕಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ, ಕೆಲವು ವಿನಾಯಿತಿ ಬಿಟ್ಟರೆ, ಅದನ್ನು ಖರ್ಚು ಎಂದು ಒಪ್ಪುವುದಿಲ್ಲ.

ಲಾಭ ಎಷ್ಟೆಂದು ಬರೆಯಬೇಕು

ಇದೇ ಎಲ್ಲರೂ ತಡವರಿಸುವ ಜಾಗ. ದಾರಿ ಎರಡು.

ಒಂದು, ಅಂದಾಜು ಲಾಭದ ದಾರಿ. ಆದಾಯ ತೆರಿಗೆ ಕಾಯ್ದೆಯ ಕಲಂ 44ಎಡಿ. 2 ಕೋಟಿಯವರೆಗಿನ ವಹಿವಾಟಿಗೆ ಇದು ಸಿಗುತ್ತದೆ. ನಗದು ಶೇ. 5ರೊಳಗಿದ್ದರೆ 3 ಕೋಟಿಯವರೆಗೂ ಸರಿ. ಬ್ಯಾಂಕ್ ಮೂಲಕ ಬಂದ ಮಾರಾಟದ ಮೇಲೆ ಕನಿಷ್ಠ ಶೇ. 6, ನಗದಾಗಿ ಬಂದದ್ದರ ಮೇಲೆ ಕನಿಷ್ಠ ಶೇ. 8 ಲಾಭ ಎಂದು ತೋರಿಸಿದರೆ ಸಾಕು. ಖರ್ಚಿನ ಪುಸ್ತಕ ಕೇಳುವುದಿಲ್ಲ, ಆಡಿಟ್ ಇಲ್ಲ. ಬೇರೆಯವರ ಮಾಲು ಮಾರಿಸಿಕೊಟ್ಟು ಕಮಿಷನ್ ಪಡೆಯುವವರಿಗೆ ಇದು ಅನ್ವಯಿಸುವುದಿಲ್ಲ. ಒಮ್ಮೆ ಈ ದಾರಿಗೆ ಬಂದು, ಮುಂದಿನ 5 ವರ್ಷದೊಳಗೆ ಬಿಟ್ಟರೆ ಮತ್ತೆ 5 ವರ್ಷ ಈ ಬಾಗಿಲು ತೆರೆಯುವುದಿಲ್ಲ.

ಎರಡು, ಲೆಕ್ಕಪುಸ್ತಕ ಇಟ್ಟು ನಿಜವಾದ ಲಾಭ ತೋರಿಸುವುದು. ಶೇ. 6ಕ್ಕಿಂತ ಕಡಿಮೆ ಲಾಭವಾದವರಿಗೆ, ನಷ್ಟವಾದವರಿಗೆ ಇದೇ ದಾರಿ.

ನಮ್ಮ ಸೀರೆಯನ್ನೇ ವರ್ಷಕ್ಕೆ 720 ಮಾರಿದ್ದೀರಿ ಎನ್ನೋಣ. ಮಾರಾಟ 7.20 ಲಕ್ಷ. ಶೇ. 6 ಅಂದರೆ 43,200. ನಿಜವಾದ ಲಾಭ 1,29,600. ಬೇರೆ ಆದಾಯ ಇಲ್ಲದಿದ್ದರೆ ಎರಡರಲ್ಲಿ ಯಾವುದು ಬರೆದರೂ ತೆರಿಗೆ ಸೊನ್ನೆ. ಹಿಡಿದ ಟಿಡಿಎಸ್ 720 ರೂಪಾಯಿ ವಾಪಸ್. ಆದರೆ ಸಂಬಳವೂ ಇರುವವರು ಮುಂದಿನದನ್ನು ಎರಡು ಸಲ ಓದಿ.

2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಎಲ್ಲರಿಗೂ ಗೊತ್ತು. ನಿಮ್ಮ ಸಂಬಳದ ಆದಾಯ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ, 11.50 ಲಕ್ಷ ಇದೆ ಎಂದುಕೊಳ್ಳಿ. ತೆರಿಗೆ ಸೊನ್ನೆ. ಅದಕ್ಕೆ ಸೀರೆಯ 1,29,600 ಸೇರಿದರೆ 12,79,600 ಆಯಿತು. 12 ಲಕ್ಷದೊಳಗಿನವರಿಗೆ ತೆರಿಗೆಯನ್ನು ಸೊನ್ನೆ ಮಾಡುವ ರಿಯಾಯಿತಿ ಪೂರ್ತಿ ಹೋಯಿತು. ಈಗ 4 ಲಕ್ಷದಿಂದಲೇ ತೆರಿಗೆ ಲೆಕ್ಕ. 4ರಿಂದ 8 ಲಕ್ಷಕ್ಕೆ 20,000, 8ರಿಂದ 12ಕ್ಕೆ 40,000, ಮೇಲಿನ 79,600ಕ್ಕೆ ಶೇ. 15ರ ಹಾಗೆ 11,940. ಸೆಸ್ ಸೇರಿ 74,818 ರೂಪಾಯಿ. ಒಂದೂ ಕಾಲು ಲಕ್ಷಕ್ಕೆ ಚೂರು ಜಾಸ್ತಿ ಲಾಭ ಮಾಡಿ ಮುಕ್ಕಾಲು ಲಕ್ಷ ತೆರಿಗೆ! ಅದೇ 43,200 ತೋರಿಸಿದರೆ ಒಟ್ಟು 11,93,200. ತೆರಿಗೆ ಸೊನ್ನೆ.

‘ಹಾಗಾದರೆ 43,200 ಬರೆದುಬಿಡಿ’ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳುವುದಿಲ್ಲ. ಕಾನೂನು ಶೇ. 6ನ್ನು ತಳ ಎಂದು ಇಟ್ಟಿದೆ, ಚಾವಣಿ ಎಂದಲ್ಲ. ಅದಕ್ಕಿಂತ ಜಾಸ್ತಿ ಗಳಿಸಿದ್ದೇನೆ ಎಂದು ತೋರಿಸಲು ಅದೇ ಕಲಂನಲ್ಲಿ ಜಾಗ ಇದೆ. 43,200 ಲಾಭ ತೋರಿಸಿ, ಅದೇ ವರ್ಷ ವ್ಯಾಪಾರದ ಖಾತೆಯಿಂದ ಒಂದು ಲಕ್ಷದ ಎಫ್‌ಡಿ ಮಾಡಿದರೆ ಆ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದಾಗ ಏನು ಹೇಳುತ್ತೀರಿ? ನಾಳೆ ಹೊಲಿಗೆ ಯಂತ್ರಕ್ಕೋ ಗಾಡಿಗೋ ಸಾಲ ಬೇಕಾದಾಗ ಬ್ಯಾಂಕಿನವರು ನೋಡುವುದೂ ಇದೇ ರಿಟರ್ನನ್ನು. ನಾನಂತೂ ನಿಜವಾದ ಲಾಭವನ್ನೇ ಬರೆಯುತ್ತೇನೆ. 12 ಲಕ್ಷದ ಗೆರೆಯ ಹತ್ತಿರ ಇರುವವರು ಮಾರ್ಚ್ ಮುಗಿಯುವ ಮೊದಲೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ. ಅವರ ಫೀ ಈ 74,818ರ ಮುಂದೆ ಏನೂ ಅಲ್ಲ.

ಮುಂಗಡ ತೆರಿಗೆ

ಟಿಡಿಎಸ್ ಎಲ್ಲ ಕಳೆದು ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಬರುವ ಹಾಗಿದ್ದರೆ ವರ್ಷ ಮುಗಿಯುವವರೆಗೆ ಕಾಯಬಾರದು. ಅಂದಾಜು ಲಾಭದ ದಾರಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಉಳಿದವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರಂದು ನಾಲ್ಕು ಕಂತು. ತಪ್ಪಿದರೆ ತಿಂಗಳಿಗೆ ಶೇ. 1 ಬಡ್ಡಿ. ದೀಪಾವಳಿಯಲ್ಲಿ ವ್ಯಾಪಾರ ಜೋರಾಗಿ ನಡೆಯಿತು ಎಂದು ಇಡೀ ದುಡ್ಡನ್ನು ಹೊಸ ಮಾಲಿಗೆ ಸುರಿದು, ಮಾರ್ಚ್‌ನಲ್ಲಿ ಕೈ ಖಾಲಿ ಮಾಡಿಕೊಂಡು ಪರದಾಡುವುದು ಹೊಸಬರಲ್ಲಿ ಸಾಮಾನ್ಯ.

ರಿಟರ್ನ್ ತುಂಬುವುದು

44ಎಡಿ ದಾರಿಯವರಿಗೆ ಬೇಕಾದ ರಿಟರ್ನ್ ಫಾರಂ ಐಟಿಆರ್-4. ಲೆಕ್ಕಪುಸ್ತಕ ಇಡುವವರಿಗೆ ಐಟಿಆರ್-3. ಒಟ್ಟು ಆದಾಯ 50 ಲಕ್ಷ ದಾಟಿದ್ದರೆ, ಷೇರು ಮಾರಿ ಅಲ್ಪಾವಧಿ ಲಾಭ ಬಂದಿದ್ದರೆ ಐಟಿಆರ್-4 ನಡೆಯುವುದಿಲ್ಲ. ಸಂಬಳದವರು ಅಭ್ಯಾಸಬಲದಿಂದ ಐಟಿಆರ್-1 ತುಂಬಿ, ಸೀರೆಯ ದುಡ್ಡನ್ನು ‘ಇತರ ಆದಾಯ’ ಎಂದು ಹಾಕುವುದುಂಟು. ಹಾಗೆ ಮಾಡಬೇಡಿ.

ಐಟಿಆರ್-4ರಲ್ಲಿ ಬ್ಯಾಂಕ್ ಮೂಲಕ ಬಂದ ವಹಿವಾಟು, ಅದರ ಮೇಲೆ ತೋರಿಸುವ ಲಾಭ, ಜಿಎಸ್‌ಟಿ ಸಂಖ್ಯೆ, ಜಿಎಸ್‌ಟಿ ರಿಟರ್ನ್ ಪ್ರಕಾರದ ವಹಿವಾಟು, ಎಲ್ಲಕ್ಕೂ ಅಂಕಣ ಇದೆ. ಮಾರ್ಚ್ 31ಕ್ಕೆ ಉಳಿದ ಮಾಲು, ಕೈಯಲ್ಲಿದ್ದ ನಗದು, ಬರಬೇಕಾದದ್ದು, ಕೊಡಬೇಕಾದದ್ದನ್ನೂ ಕೇಳುತ್ತದೆ. ಅದಕ್ಕೇ ಆ ದಿನ ರಾತ್ರಿ ಕಪಾಟಿನ ಸೀರೆಗಳನ್ನು ಎಣಿಸಿ ಬರೆದಿಡಿ. ಜುಲೈಯಲ್ಲಿ ನೆನಪಿನಿಂದ ಎಣಿಸಲಾಗುವುದಿಲ್ಲ. ಟಿಡಿಎಸ್ ಅಂಕಣದಲ್ಲಿ ತಾಣ ಹಿಡಿದ ಮೊತ್ತ ತಾನಾಗಿ ಬಂದಿದೆಯೇ ನೋಡಿ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫೈ ಮಾಡಿ. ಮಾಡದಿದ್ದರೆ ಸಮಯಕ್ಕೆ ಸಲ್ಲಿಸಿದ ಲೆಕ್ಕ ಇಲ್ಲ. ಕೊನೆಯ ದಿನಾಂಕವನ್ನು ಯಾರ ಬಾಯಿಂದಲೂ ಕೇಳಬೇಡಿ, ಪೋರ್ಟಲಿನಲ್ಲೇ ನೋಡಿ. 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 15ಕ್ಕೆ ಹೋಗಿ, ಆಮೇಲೆ ಮತ್ತೊಂದು ದಿನ ಮುಂದಕ್ಕೆ ಹೋಗಿತ್ತು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಕಲಂಗಳ ಸಂಖ್ಯೆ ಬದಲಾಗಿದೆ, 44ಎಡಿ ಅಲ್ಲಿ 58 ಆಗಿದೆ. 2025-26ರ ಆದಾಯಕ್ಕೆ ಹಳೆಯ ಕಾಯ್ದೆಯೇ. ಹಾಗಾಗಿ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸಿದ್ದೇನೆ.

ಹಿಂದಿನ ವರ್ಷಗಳ ರಿಟರ್ನ್ ಹಾಕೇ ಇಲ್ಲ ಎನ್ನುವವರಿಗೆ ಐಟಿಆರ್-ಯು ಇದೆ. ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ವರ್ಷದ ಮರುವರ್ಷ, ಮುಗಿದ ಮೇಲೆ 48 ತಿಂಗಳವರೆಗೆ ಸಲ್ಲಿಸಬಹುದು. ತಡವಾದಷ್ಟೂ ತೆರಿಗೆಯ ಮೇಲೆ ಶೇ. 25ರಿಂದ 70ರವರೆಗೆ ಹೆಚ್ಚುವರಿ ಕಟ್ಟಬೇಕು. ಆದರೆ ರೀಫಂಡ್ ಕೇಳಲು ಇದನ್ನು ಬಳಸುವ ಹಾಗಿಲ್ಲ.

ನನ್ನ 6.10 ಲಕ್ಷದ ಕತೆ ಅಲ್ಲಿಯವರೆಗೆ ಹೋಗಲಿಲ್ಲ. ಇ-ಮೇಲ್ ಬಂದಾಗ ಡಿಸೆಂಬರ್ 31ಕ್ಕೆ ಇನ್ನೂ ಸಮಯ ಇತ್ತು. ವಹಿವಾಟು ತಿದ್ದಿ ಪರಿಷ್ಕೃತ ರಿಟರ್ನ್ ಹಾಕಿದೆ. 1.32 ಲಕ್ಷಕ್ಕೆ ಶೇ. 6ರಂತೆ 7,920 ರೂಪಾಯಿ ಆದಾಯ ಏರಿತು, ತೆರಿಗೆ ಏನೂ ಬರಲಿಲ್ಲ. ಆಗ ಶೇ. 1ರಂತೆ ಹಿಡಿದಿದ್ದ ಟಿಡಿಎಸ್ 6,100 ರೂಪಾಯಿ ಫೆಬ್ರವರಿಯಲ್ಲಿ ಖಾತೆಗೆ ಬಂತು. ಅದರಲ್ಲಿ ಹತ್ತು ಸೀರೆ ತಂದೆ.